ನಮ್ಮ ಸೀಮೆಯ ಕೋವಿ ಯಾವುದು?

ಅಮೆರಿಕದವರಿಗೆ ಒಂದು ಮುಗಿಯದ ವಾದ ಇದೆ. ತಮ್ಮ ದೇಶದ ಚರಿತ್ರೆ, ಸಂಸ್ಕೃತಿ ಎರಡನ್ನೂ ಒಂದೇ ಒಂದು ಬಂದೂಕಲ್ಲಿ ಹೇಳಬೇಕು ಅಂದ್ರೆ ಯಾವುದನ್ನ ಆರಿಸೋದು? ಒಬ್ಬ ಕೆಂಟಕಿ ರೈಫಲ್ ಅಂತಾನೆ. ಹೆಸರು ಕೆಂಟಕಿದು, ಮಾಡಿದವರು ಪೆನ್ಸಿಲ್ವೇನಿಯಾಕ್ಕೆ ವಲಸೆ ಬಂದ ಜರ್ಮನ್ ಕುಶಲಕರ್ಮಿಗಳು. ಇನ್ನೊಬ್ಬ 1873ರ ಕೋಲ್ಟ್ ರಿವಾಲ್ವರ್ ಅಂತಾನೆ, ಕೌಬಾಯ್ ಸಿನಿಮಾ ನೋಡಿದ ಎಲ್ಲರಿಗೂ ಅದರ ಪರಿಚಯ ಇದೆ. ಮತ್ತೊಬ್ಬ ಅದೇ ವರ್ಷದ ವಿಂಚೆಸ್ಟರ್ ಅಂತಾನೆ. ಎರಡನೇ ಮಹಾಯುದ್ಧಕ್ಕೆ ಹೋಗಿ ಬಂದ ತಾತನ ಮೊಮ್ಮಗ ಎಂ-1 ಗ್ಯಾರಂಡ್ ಅಂತಾನೆ. ಇದೇ ಪ್ರಶ್ನೆಯನ್ನ ಒಬ್ಬ ಲಕೋಟಾ ಮೂಲನಿವಾಸಿಗೆ ಕೇಳಿದ್ರೆ, 1890ರಲ್ಲಿ ವೂಂಡೆಡ್ ನೀ ಅನ್ನೋ ಜಾಗದಲ್ಲಿ ತನ್ನ ಜನರ ಮೇಲೆ ಗುಂಡಿನ ಮಳೆ ಸುರಿಸಿದ ಹಾಚ್‌ಕಿಸ್ ಫಿರಂಗಿ ಅಂದಾನು. ಅಂದ್ರೆ ಈ ವಾದದಲ್ಲಿ ಬಂದೂಕಿನ ಬಗ್ಗೆ ಗೊತ್ತಾಗೋದು ಕಮ್ಮಿ, ವಾದ ಮಾಡುವವರ ಬಗ್ಗೆ ಗೊತ್ತಾಗೋದು ಜಾಸ್ತಿ.

ಅದಕ್ಕೇ ಈ ಪ್ರಶ್ನೆ ನನಗೆ ಇಷ್ಟ. ಅದನ್ನ ಹಾಗೇ ಎತ್ತಿಕೊಂಡು ಬಂದು ನಮ್ಮ ಸೀಮೆಯಲ್ಲಿ ಇಟ್ಟು ನೋಡೋಣ. ನಮ್ಮ ಸೀಮೆ ಅಂದ್ರೆ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ. ನಾನು ಬೆಳೆದದ್ದು ಕಂಪ್ಲಿ ಕಡೆಯ ಒಂದು ಹಳ್ಳಿಯಲ್ಲಿ. ಈಗ ಬೆಂಗಳೂರಲ್ಲಿ ಕೋಡ್ ಬರೀತೀನಿ. ನನ್ನ ತಲೆಯೊಳಗಿನ ಭೂಪಟದ ನಡುಮಧ್ಯ ಮಾತ್ರ ಇನ್ನೂ ತುಂಗಭದ್ರೆಯ ಕಾಲುವೆಯೇ.

ನಮ್ಮ ಕಡೆಯವರನ್ನ ಕೇಳಿದ್ರೆ ಮೊದಲ ಉತ್ತರ ಹೀಗಿರುತ್ತೆ: ಬಂದೂಕಾ? ನಮ್ಮದು ಕತ್ತಿ, ಆನೆ, ಕುದುರೆಯ ಚರಿತ್ರೆ ಮಾರಾಯ. ಅದು ಸುಳ್ಳೂ ಅಲ್ಲ. ಹಜಾರರಾಮ ದೇವಸ್ಥಾನದ ಹೊರಗೋಡೆ ಸುತ್ತ ನಡೆದು ನೋಡಿ, ಸಾಲು ಸಾಲು ಆನೆ, ಕುದುರೆ, ಕಾಲಾಳು. ಮಹಾನವಮಿ ದಿಬ್ಬದ ಮೇಲೆ ಬೇಟೆ, ಕುಣಿತ, ಕುದುರೆ ಮೆರವಣಿಗೆ. ಇನ್ನೂ ಹಿಂದಕ್ಕೆ ಹೋದ್ರೆ ಕಂಪಿಲರಾಯನ ಮಗ ಗಂಡುಗಲಿ ಕುಮಾರರಾಮ. 1327ರಲ್ಲಿ ತುಘಲಕ್ ಸೈನ್ಯ ಬಂದು ಆ ರಾಜ್ಯವನ್ನು ಮುಗಿಸಿದಾಗ ಇಲ್ಲಿ ಬಂದೂಕಿನ ಮಾತೇ ಇರಲಿಲ್ಲ.

ಆದ್ರೆ ಇನ್ನೂರು ವರ್ಷ ಮುಂದಕ್ಕೆ ಬನ್ನಿ, ಕಥೆ ಬೇರೆ. ಬಾಬರ್ ಪಾಣಿಪತ್‌ನಲ್ಲಿ ತೋಪು ಹಾರಿಸಿದ್ದು 1526ರಲ್ಲಿ. ಶಾಲೆಯಲ್ಲಿ ನಾವು ಓದಿದ್ದು ಅಲ್ಲಿಂದಲೇ ಭಾರತದಲ್ಲಿ ಮದ್ದುಗುಂಡಿನ ಯುದ್ಧ ಶುರು ಅನ್ನೋ ಧಾಟಿಯಲ್ಲಿ. ಅದಕ್ಕೂ ಆರು ವರ್ಷ ಮೊದಲು, 1520ರಲ್ಲಿ, ಹಂಪಿಯಿಂದ ಹೊರಟ ಸೈನ್ಯ ರಾಯಚೂರಿನ ಹತ್ತಿರ ತೋಪುಗಳ ಎದುರು ನಿಂತಿತ್ತು. ಈ ಸೀಮೆಗೆ ಬಂದೂಕಿನ ಚರಿತ್ರೆ ಇದೆ. ನಾವು ಅದನ್ನ ಹೇಳಿಕೊಳ್ಳೋದಿಲ್ಲ, ಅಷ್ಟೇ.

ಮೊದಲು ಪದಗಳನ್ನ ನೋಡಿ. ತುಪಾಕಿ, ತೋಪು ಎರಡೂ ತುರ್ಕಿ ಕಡೆಯಿಂದ ಬಂದವು. ಬಂದೂಕು ಅರಬ್ಬಿಯಿಂದ ಬಂತು. ಪಿಸ್ತೂಲು ಯೂರೋಪಿನಿಂದ. ಫಿರಂಗಿ ಇನ್ನೂ ಮಜಾ. ಅದು ಆಯುಧದ ಹೆಸರೇ ಅಲ್ಲ, ಅದನ್ನ ತಂದ ಪರಂಗಿಯವನ ಹೆಸರು. ಹೀಗೆ ಒಂದೊಂದು ಪದವೂ ಯಾವ ದಾರಿಯಲ್ಲಿ ಬಂತು ಅಂತ ತಾನೇ ಹೇಳ್ತಿದೆ. ನಮ್ಮದು ಅಂತ ಉಳಿದಿರೋದು ಮೂರು: ಗುಂಡು, ಮದ್ದು, ಕೋವಿ. ಗುಂಡು ಅಂದ್ರೆ ದುಂಡಗಿನ ಕಲ್ಲು. ಕೋವಿ ಅಂದ್ರೆ ಕೊಳವೆ. ಮದ್ದು ಅಂದ್ರೆ ಔಷಧ. ಹೊರಗಿನಿಂದ ಬಂದ ವಸ್ತುವಿಗೆ ನಮ್ಮಜ್ಜಂದಿರು ಮನೆಯೊಳಗಿನ ಮೂರು ಹೆಸರು ಕೊಟ್ಟು ಪಳಗಿಸಿಕೊಂಡ್ರು. ಕೊಳವೆಯೊಳಗೆ ಔಷಧ ತುಂಬಿ ಕಲ್ಲು ಹಾರಿಸೋದು. ಇದಕ್ಕಿಂತ ಸರಳವಾದ ಡಾಕ್ಯುಮೆಂಟೇಶನ್ ನಾನು ನೋಡಿಲ್ಲ.

ವಾದಕ್ಕೆ ಇಳಿಯೋ ಮೊದಲು ನಿಯಮ ಹಾಕಿಕೊಳ್ಳೋಣ, ಇಲ್ಲದಿದ್ರೆ ಕೊನೆಗೆ ಜೋರಾಗಿ ಕೂಗಿದವನೇ ಗೆಲ್ಲೋದು. ಮೂರು ಪ್ರಶ್ನೆ. ಒಂದು, ಅದನ್ನ ಮಾಡುವ ವಿದ್ಯೆ ಯಾರ ಹತ್ತಿರ ಇತ್ತು? ಎರಡು, ಅದು ಯಾರ ಕೈಯಲ್ಲಿತ್ತು, ರಾಜನ ಕೈಯಲ್ಲೋ ಜನರ ಕೈಯಲ್ಲೋ? ಮೂರು, ಅದು ಇಲ್ಲದೇ ಹೋಗಿದ್ರೆ ನಮ್ಮ ಕಥೆ ಬೇರೆ ಆಗ್ತಿತ್ತಾ?

ಮೊದಲ ಅಭ್ಯರ್ಥಿ, ರಾಯಚೂರಿನ ತೋಪು. ಇದರ ಕಥೆ ವಿವರವಾಗಿ ಸಿಗೋದು ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಜ್ ಬರೆದಿಟ್ಟದ್ದರಲ್ಲಿ. ಕೃಷ್ಣದೇವರಾಯನ ಸೈನ್ಯದಲ್ಲಿ 7 ಲಕ್ಷಕ್ಕೂ ಹೆಚ್ಚು ಕಾಲಾಳು, 32,600 ಕುದುರೆ, 551 ಆನೆ ಇದ್ದವು ಅಂತಾನೆ. ಲೆಕ್ಕ ಉಬ್ಬಿದ್ದಿರಬಹುದು, ದೊಡ್ಡ ಸೈನ್ಯ ಅನ್ನೋದಂತೂ ನಿಜ. ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ ಗೋಡೆ ಒಡೆಯೋ ಕೆಲಸ ತೋಪಿನದ್ದಾಗಿರಲಿಲ್ಲ. ಕೈಯಲ್ಲಿ ಹಾರೆ, ಗುದ್ದಲಿ ಹಿಡಿದ ಸೈನಿಕರು ಗೋಡೆಯ ಬುಡಕ್ಕೆ ನುಗ್ಗಿ ಕಲ್ಲು ಕಿತ್ತು ತರಬೇಕು. ಕಿತ್ತು ತಂದ ಕಲ್ಲಿನ ಗಾತ್ರ ನೋಡಿ ನಾಯಕರು ದುಡ್ಡು ಎಣಿಸಿ ಕೊಡ್ತಿದ್ರು. ಪೀಸ್‌ವರ್ಕ್! ಮೇಲಿಂದ ಬಾಣ, ಗುಂಡು, ಕಲ್ಲು ಬೀಳ್ತಾ ಇದ್ರೆ ಕೆಳಗೆ ಮನುಷ್ಯರು ಕಲ್ಲಿಗೊಂದು ರೇಟಿನಂತೆ ಸಾಯ್ತಿದ್ರು.

ಅಷ್ಟರಲ್ಲಿ ಆದಿಲ್ ಶಾಹಿ ಸೈನ್ಯ ಕೃಷ್ಣಾ ನದಿ ದಾಟಿ ಬಂತು. ಅವರ ನಂಬಿಕೆ ಎಲ್ಲ ತೋಪಿನ ಮೇಲೆ. ಒಟ್ಟಿಗೇ ಹಾರಿಸಿದ್ರು, ಹಂಪಿಯ ಮುಂದಿನ ಸಾಲು ಚೂರಾಗಿ ಹಿಂದಕ್ಕೆ ಓಡಿತು. ಆದ್ರೆ ಆ ಕಾಲದ ತೋಪನ್ನ ಮತ್ತೆ ತುಂಬೋಕೆ ಸಮಯ ಬೇಕು. ಆ ಸಂದಿಯಲ್ಲಿ ರಾಯ ಎರಡನೇ ಸಾಲಿಗೆ ಧೈರ್ಯ ತುಂಬಿ ಕುದುರೆ ನುಗ್ಗಿಸಿದ. ಯುದ್ಧದ ದಿಕ್ಕು ತಿರುಗಿತು. ಆದಿಲ್ ಶಾಹಿಗಳು ಬಂದ ನದಿಗೇ ಬಿದ್ರು. ಬಿಟ್ಟು ಓಡಿದ್ದರಲ್ಲಿ ದೊಡ್ಡ ತೋಪುಗಳೇ 400, ತೋಪಿನ ಗಾಡಿಗಳು 900 ಅಂತ ನೂನಿಜ್ ಲೆಕ್ಕ.

ಆಮೇಲೆ ಕೋಟೆ ಬಿದ್ದ ಬಗೆ ಕೇಳಿ. ಕ್ರಿಸ್ಟೊವಾವ್ ದೆ ಫಿಗೆರೆದೊ ಅನ್ನೋ ಪೋರ್ಚುಗೀಸನ ಜೊತೆ ಕೋವಿ ಹಿಡಿದ ಸುಮಾರು ಇಪ್ಪತ್ತು ಜನ ಇದ್ರು. ಗೋಡೆಯ ಮೇಲೆ ತಲೆ ಹಾಕಿದವರನ್ನ ಗುರಿಯಿಟ್ಟು ಹೊಡೆಯೋದು ಅವರ ಕೆಲಸ. ಮೇಲಿನವರು ತಲೆ ಎತ್ತೋ ಹಾಗಿಲ್ಲ, ಕೆಳಗಿನವರು ಆರಾಮಾಗಿ ಕಲ್ಲು ಕೀಳಬಹುದು. ಏನಾಗ್ತಿದೆ ನೋಡೋಣ ಅಂತ ಬಗ್ಗಿದ ಕೋಟೆಯ ನಾಯಕನ ಹಣೆಗೇ ಗುಂಡು ಬಿತ್ತು. ಕೋಟೆ ಶರಣಾಯ್ತು. ಸೋತ ಸುಲ್ತಾನ ತನ್ನ ಆಸ್ತಿ ವಾಪಸ್ ಕೇಳಿದಾಗ, ಬಂದು ನನ್ನ ಪಾದಕ್ಕೆ ಮುತ್ತಿಡಲಿ, ಕೊಡ್ತೀನಿ ಅಂತ ರಾಯ ಹೇಳಿ ಕಳಿಸಿದ.

ಈ ಗೆಲುವೇ ಹಂಪಿಯನ್ನ ಕೆಡಿಸಿತು ಅಂತ ಇತಿಹಾಸಕಾರ ರಿಚರ್ಡ್ ಈಟನ್ ವಾದ ಮಾಡ್ತಾರೆ. ನನಗೆ ಇದು ಸರಿ ಅನಿಸುತ್ತೆ, ಯಾಕಂದ್ರೆ ಇಂಥದ್ದನ್ನ ಪ್ರಾಜೆಕ್ಟುಗಳಲ್ಲಿ ನಾವೆಲ್ಲ ನೋಡಿದ್ದೀವಿ. ಗೆದ್ದವನಿಗೆ ಕಲಿಯೋ ಅವಸರ ಇರಲ್ಲ. ತೋಪಿನ ಎದುರು ಕುದುರೆ ನುಗ್ಗಿಸಿ ಗೆದ್ದಾಯ್ತು, ಹಾಗಾದ್ರೆ ತೋಪಿಗೆ ಯಾಕೆ ತಲೆ ಕೆಡಿಸಿಕೊಳ್ಳೋದು? ಸೋತ ಬಿಜಾಪುರದವರು ಕೂತು ಲೆಕ್ಕ ಹಾಕಿದ್ರು. ಮುಂದಿನ ನಾಲ್ಕು ದಶಕದಲ್ಲಿ ಅತ್ತ ಕೋಟೆಗಳ ಬುರುಜು ಬದಲಾದವು, ತಿರುಗಿಸಿ ಗುರಿ ಹಿಡಿಯೋ ತೋಪುಗಳು ಬಂದವು. ಇತ್ತ ಹಂಪಿಗೆ ದುಡ್ಡಿತ್ತು. ಬೇಕಾದ್ದನ್ನ ಕೊಂಡುಕೊಳ್ಳೋ ರೂಢಿ ಇತ್ತು. ವರ್ಷಕ್ಕೆ 13,000 ಕುದುರೆ ಕೊಳ್ತಿದ್ರು ಅಂತ ನೂನಿಜ್ ಬರೀತಾನೆ. ಅದಕ್ಕೂ ಹಿಂದೆ ಸಾಳುವ ನರಸಿಂಹನ ಕಾಲದಲ್ಲಂತೂ ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದ್ರೂ ಪೂರ್ತಿ ಬೆಲೆ ಕೊಡ್ತಿದ್ರಂತೆ. ಹೊಸಪೇಟೆ ಕಟ್ಟುವಾಗ ಅಲ್ಲಿಯ ಕೆರೆಗೆ ಕೃಷ್ಣದೇವರಾಯ ಗೋವಾದಿಂದ ಪೋರ್ಚುಗೀಸ್ ಕಲ್ಲುಕೆಲಸದವನನ್ನೇ ಕರೆಸಿದ್ದ. ಇಂದಿನ ಭಾಷೆಯಲ್ಲಿ ಹೇಳಬೇಕಂದ್ರೆ ವೆಂಡರ್ ಎಲ್ಲ ನೋಡ್ಕೋತಾನೆ.

ಇದರಲ್ಲಿ ಹೊಟ್ಟೆ ಉರಿಸೋ ಸಂಗತಿ ಅಂದ್ರೆ ಸಂಡೂರು. ಹಂಪಿಯಿಂದ ದಕ್ಷಿಣಕ್ಕೆ ನೋಡಿದ್ರೆ ಕಾಣೋ ಆ ಗುಡ್ಡಸಾಲಿನ ಮಣ್ಣೇ ಕೆಂಪು, ಒಳಗೆಲ್ಲ ಕಬ್ಬಿಣ. ಇವತ್ತು ದೋಣಿಮಲೈ ಗಣಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ನಿಂತಿರೋದು ಅದರ ಮೇಲೆ. ಇಲ್ಲಿಯ ಕುಶಲಕರ್ಮಿಗಳ ಕೈಯೂ ಕಮ್ಮಿ ಇರಲಿಲ್ಲ. 1510ರಲ್ಲಿ ಆದಿಲ್ ಶಾಹಿಗಳಿಂದ ಗೋವಾ ಕಸಿದುಕೊಂಡ ಅಲ್ಬುಕರ್ಕ್, ಅಲ್ಲಿಯ ಬಂದೂಕು ಕೆಲಸದವರು ಬೊಹೀಮಿಯಾದವರಿಗೆ ಸರಿಸಮ ಅಂತ ತನ್ನ ರಾಜನಿಗೆ ಬರೆದ. ಅದಿರು ಇತ್ತು, ಕೈ ಇತ್ತು, ದುಡ್ಡು ಇತ್ತು. ಅವೆಲ್ಲವನ್ನ ಜೋಡಿಸೋ ಹಠ ಮಾತ್ರ ಇನ್ನೊಂದು ದಡದಲ್ಲಿ ಹುಟ್ಟಿತು.

1565ರ ಜನವರಿಯಲ್ಲಿ ಕೃಷ್ಣೆಯ ಹತ್ತಿರ ಏನಾಯ್ತು ಅನ್ನೋದು ಗೊತ್ತೇ ಇದೆ. ರಕ್ಕಸಗಿ-ತಂಗಡಗಿ ಅನ್ನಿ, ತಾಳಿಕೋಟೆ ಅನ್ನಿ. ಅಹಮದ್‌ನಗರದ ಕಡೆ 600 ತೋಪುಗಳಿದ್ದವು, ಅವುಗಳ ಮೇಲ್ವಿಚಾರಣೆ ರೂಮಿ ಖಾನ್ ಅನ್ನೋ ತುರ್ಕಿ ಪರಿಣತನದ್ದು, ಕೊನೆಯಲ್ಲಿ ಹತ್ತಿರ ಬಂದ ಸೈನ್ಯದ ಮೇಲೆ ತಾಮ್ರದ ಕಾಸಿನ ಚೀಲಗಳನ್ನೇ ತುಂಬಿ ಹಾರಿಸಿದ್ರು ಅಂತ ಫೆರಿಷ್ತಾ ಬರೀತಾನೆ. ಎರಡು ವರ್ಷದ ನಂತರ ಬಂದ ಇಟಲಿಯ ವ್ಯಾಪಾರಿ ಸೀಸರ್ ಫ್ರೆಡರಿಕ್, ರಾಮರಾಯನ ಇಬ್ಬರು ಸೇನಾನಿಗಳು ಪಕ್ಷಾಂತರ ಮಾಡಿದ್ದೇ ಸೋಲಿಗೆ ಕಾರಣ ಅಂತಾನೆ. ಎರಡೂ ಇರಬಹುದು. ತೋಪೊಂದೇ ಹಂಪಿಯನ್ನ ಕೆಡವಿತು ಅಂದ್ರೆ ಅದು ತೀರಾ ಸುಲಭದ ಉತ್ತರ.

ಆದ್ರೂ ತೋಪಿನ ಕಡೆಯಿಂದ ಈ ಕಥೆ ಓದೋದರಲ್ಲಿ ಒಂದು ಲಾಭ ಇದೆ. ನಮಗೆ ವಾಟ್ಸಾಪಿನಲ್ಲಿ ಬರೋ 1565 ಬರೀ ಧರ್ಮಯುದ್ಧ. ತೋಪಿನ ಲೆಕ್ಕ ಅದಕ್ಕೆ ಹೊಂದೋದೇ ಇಲ್ಲ. ಹಂಪಿಯ ರಾಯನಿಗೆ ಕೋಟೆ ಗೆದ್ದುಕೊಟ್ಟವರಲ್ಲಿ ಗುರಿಕಾರ ಕ್ರಿಶ್ಚಿಯನ್ನರಿದ್ರು. ಹಂಪಿಯ ಸೈನ್ಯದಲ್ಲಿ ಎರಡನೇ ದೇವರಾಯನ ಕಾಲದಿಂದಲೇ ಮುಸ್ಲಿಂ ಬಿಲ್ಲುಗಾರರಿದ್ರು. ಮಹಾನವಮಿಯ ಸೈನ್ಯ ಪ್ರದರ್ಶನದಲ್ಲಿ ಅವರನ್ನ ಮರೆಯಬಾರದು ಅನ್ನೋ ಅರ್ಥದಲ್ಲಿ ಡೊಮಿಂಗೊ ಪಾಯಸ್ ವಿಶೇಷವಾಗಿ ಹೆಸರಿಸ್ತಾನೆ, ಕೋವಿಯವರನ್ನೂ ಹೆಸರಿಸ್ತಾನೆ. ಮದ್ದಿಗೆ ಜಾತಿಯಿಲ್ಲ. ಕಲಿತವರ ಮಾತು ಕೇಳುತ್ತೆ.

ನನ್ನ ಮೂರು ಪ್ರಶ್ನೆಗೆ ಬರೋಣ. ರಾಯಚೂರಿನ ತೋಪು ನಮ್ಮ ಕಥೆಯನ್ನ ಬದಲಿಸಿದ್ದು ಹೌದು. ಆದ್ರೆ ವಿದ್ಯೆ ನಮ್ಮದಾಗಲಿಲ್ಲ, ಕೈಯೂ ಬಾಡಿಗೆಯದ್ದು. ಇದು ನಮ್ಮ ಸೋಲನ್ನ ಚೆನ್ನಾಗಿ ಪ್ರತಿನಿಧಿಸುತ್ತೆ, ನಮ್ಮನ್ನಲ್ಲ.

ಎರಡನೇ ಅಭ್ಯರ್ಥಿ, ಬಿಜಾಪುರದ ಮಲಿಕ್-ಎ-ಮೈದಾನ್. ಷೋ ಪೀಸ್ ಬೇಕಂದ್ರೆ ಇದನ್ನ ಮೀರಿಸೋದು ಯಾವುದೂ ಇಲ್ಲ. ಸುಮಾರು 55 ಟನ್ ತೂಕ, ಬಾಯಿ ಅಂದ್ರೆ ಆನೆಯನ್ನ ನುಂಗ್ತಿರೋ ಸಿಂಹದ ಬಾಯಿ. ಮುಟ್ಟಿ ಬೇಡಿಕೊಂಡ್ರೆ ಆಸೆ ಈಡೇರುತ್ತೆ ಅಂತ ಜನ ಇವತ್ತಿಗೂ ಮುಟ್ಟುತ್ತಾರೆ. ಎರಕ ಹೊಯ್ದದ್ದು 1549ರಲ್ಲಿ, ಅಹಮದ್‌ನಗರದಲ್ಲಿ, ಮುಹಮ್ಮದ್ ಬಿನ್ ಹಸನ್ ರೂಮಿ ಅನ್ನೋ ತುರ್ಕಿ ಮೂಲದ ಕುಶಲಿ. ತಂದಿಟ್ಟದ್ದು ಸುಲ್ತಾನರು. ಭವ್ಯವಾಗಿದೆ, ಆದ್ರೆ ಅರಮನೆಯ ಆಸ್ತಿ. ಸೆಲ್ಫಿ ತೆಗೆದುಕೊಂಡು ಮುಂದೆ ಹೋಗೋಣ.

ಮೂರನೇದು ಗಟ್ಟಿ ಅಭ್ಯರ್ಥಿ: ಮೈಸೂರು ರಾಕೆಟ್. ಇದು ಕೋವಿ ಹೌದಾ ಅಂತ ತಕರಾರು ತೆಗೆಯಬಹುದು. ಕೊಳವೆ ಇದೆ, ಮದ್ದಿದೆ, ಸಾಕು ಬಿಡಿ. ರಾಕೆಟ್ಟು ಹೊಸದಲ್ಲ. 1443ರಲ್ಲಿ ಹಂಪಿಗೆ ಬಂದ ಅಬ್ದುರ್ ರಜಾಕ್ ಮಹಾನವಮಿಯ ಬಾಣಬಿರುಸು ನೋಡಿ ಬೆರಗಾಗಿದ್ದ, ಪಾಯಸ್ ಕೂಡ ಅದನ್ನ ವರ್ಣಿಸಿದ. ಹಂಪಿಯವರು ಆಕಾಶಕ್ಕೆ ಬಿಟ್ಟು ಚಪ್ಪಾಳೆ ತಟ್ಟಿದ್ದನ್ನ ಹೈದರ್, ಟಿಪ್ಪು ಶತ್ರುವಿನ ಕಡೆ ತಿರುಗಿಸಿದ್ರು. ಮಾಡಿದ ಬದಲಾವಣೆ ಕೇಳೋಕೆ ಸಣ್ಣದು: ಕಾಗದದ ರಟ್ಟಿನ ಕೊಳವೆ ಬದಲು ಕಬ್ಬಿಣದ ಕೊಳವೆ. ಕಬ್ಬಿಣ ಹೆಚ್ಚಿನ ಒತ್ತಡ ತಡೆಯುತ್ತೆ, ಅದರಿಂದ ಮದ್ದು ಬಿಗಿಯಾಗಿ ತುಂಬಬಹುದು, ಅದರಿಂದ ಎರಡು ಕಿಲೋಮೀಟರ್‌ವರೆಗೆ ಹಾರುತ್ತೆ. ಬಾಲಕ್ಕೆ ಬಿದಿರು, ಕೆಲವಕ್ಕೆ ಕತ್ತಿ. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಮದ್ದಿನ ಗಾಡಿಗಳು ಸಿಡಿದು ಇಂಗ್ಲಿಷರ ತುಕಡಿಯೇ ನಾಶವಾಯ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ರಾಕೆಟ್‌ಗಳು ಇಂಗ್ಲೆಂಡಿಗೆ ಹೋದವು. ವಿಲಿಯಂ ಕಾಂಗ್ರೀವ್ ಅವನ್ನ ಬಿಚ್ಚಿ ನೋಡಿ ತನ್ನ ರಾಕೆಟ್ ಮಾಡಿದ. 1814ರಲ್ಲಿ ಬ್ರಿಟಿಷರು ಅದನ್ನ ಬಾಲ್ಟಿಮೋರ್‌ನ ಕೋಟೆ ಮೇಲೆ ಹಾರಿಸಿದ್ರು, ಆ ರಾತ್ರಿ ಕಂಡದ್ದನ್ನ ಬರೆದ ಕವನವೇ ಅಮೆರಿಕದ ರಾಷ್ಟ್ರಗೀತೆಯಾಯ್ತು. ಅವರ ರಾಷ್ಟ್ರಗೀತೆಯಲ್ಲಿ ಬರೋ ರಾಕೆಟ್‌ನ ಅಜ್ಜನ ಮನೆ ಕರ್ನಾಟಕ. ಮುಂದಿನ ಸಲ ರಾತ್ರಿ ಹತ್ತೂವರೆ ಕಾಲ್‌ನಲ್ಲಿ ಮಾತು ನಿಂತಾಗ ಇದನ್ನ ಹೇಳಿ, ಉಪಯೋಗಕ್ಕೆ ಬರುತ್ತೆ.

2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹತ್ತಿರ ಒಂದು ಹಾಳುಬಾವಿಯ ಕೆಸರಿನಿಂದ ಸಾವಿರಕ್ಕೂ ಹೆಚ್ಚು ರಾಕೆಟ್ ಎತ್ತಿದ್ರು. ವಿದ್ಯೆ ನಮ್ಮದಾ ಅನ್ನೋ ಪ್ರಶ್ನೆಗೆ ರಾಕೆಟ್ ಎದೆಯುಬ್ಬಿಸಿ ಹೌದು ಅನ್ನುತ್ತೆ. ರಾಯಚೂರಿನಲ್ಲಿ ಹಂಪಿ ಮಾಡದೇ ಹೋದದ್ದನ್ನ ಮೈಸೂರು ಮಾಡಿ ತೋರಿಸಿತು. ಆದ್ರೆ ಎರಡನೇ ಪ್ರಶ್ನೆಗೆ ಬಂದ್ರೆ ಅದೂ ಸರ್ಕಾರಿ ಆಯುಧವೇ. ರಾಜ ಹೋದ, ರಾಕೆಟ್ಟೂ ಹೋಯ್ತು. ಮನೆಗಳಲ್ಲಿ, ಹಾಡುಗಳಲ್ಲಿ, ಹಬ್ಬಗಳಲ್ಲಿ ಉಳಿಯಲಿಲ್ಲ.

ಮನೆಯಲ್ಲಿ, ಹಬ್ಬದಲ್ಲಿ ಉಳಿದದ್ದು ಬೇಕಂದ್ರೆ ಕೊಡಗಿಗೆ ಹೋಗಬೇಕು. ನಾಲ್ಕನೇ ಅಭ್ಯರ್ಥಿ ಕೊಡವರ ಕೋವಿ. ಕೈಲ್‌ಪೊಳ್ದ್ ಹಬ್ಬದಲ್ಲಿ ಅದಕ್ಕೆ ಹೂವಿಟ್ಟು ಪೂಜೆ. ಗಂಡುಮಗು ಹುಟ್ಟಿದ್ರೆ ಒಂದು ಗುಂಡು, ಸಾವಾದ್ರೆ ಎರಡು ಗುಂಡು ಗಾಳಿಯಲ್ಲಿ. 1861ರಲ್ಲಿ ಮಾರ್ಕ್ ಕಬ್ಬನ್ ಕೊಟ್ಟ ಲೈಸೆನ್ಸ್ ವಿನಾಯಿತಿ ಇವತ್ತಿಗೂ ಇದೆ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನ 2029ರವರೆಗೆ ವಿಸ್ತರಿಸಿತು. ಅಮೆರಿಕದವನಿಗೆ ತಟ್ಟನೆ ಅರ್ಥವಾಗೋ ಕೋವಿ ಇದೊಂದೇ. ಆದ್ರೆ ಒಂದು ಸಣ್ಣ ಮಾತು ನೆನಪಿಡಬೇಕು. 1857ರ ನಂತರ ಉಳಿದೆಲ್ಲರ ಕೈಯಿಂದ ಆಯುಧ ಕಿತ್ತುಕೊಳ್ತಿದ್ದ ಹೊತ್ತಿನಲ್ಲಿ ಸಿಕ್ಕ ವಿನಾಯಿತಿ ಅದು. ಅದು ಕೊಡವರ ಹೆಮ್ಮೆ, ಸರಿಯಾದ ಹೆಮ್ಮೆಯೇ. ನಮ್ಮ ಬಯಲುಸೀಮೆಯ ಅನುಭವ ಮಾತ್ರ ಅದಕ್ಕೆ ತದ್ವಿರುದ್ಧ. ನಮಗೆ ಸಿಕ್ಕದ್ದು ವಿನಾಯಿತಿಯಲ್ಲ, ಜಪ್ತಿ.

ಹಾಗಾಗಿ ಕೊನೆಯ ಅಭ್ಯರ್ಥಿ. ಅದಕ್ಕೆ ಕಂಪನಿ ಹೆಸರಿಲ್ಲ, ಮಾಡೆಲ್ ನಂಬರ್ ಇಲ್ಲ. ಬೇಟೆಗೆ, ಊರಿನ ಕಾವಲಿಗೆ ಅಂತ ಸಾಮಾನ್ಯ ಮನೆಯಲ್ಲಿ ಗೋಡೆಗೆ ಒರಗಿಸಿಟ್ಟಿದ್ದ ನಾಡ ಬಂದೂಕು.

1857ರಲ್ಲಿ ಕಂಪನಿ ಸರ್ಕಾರ ನಿಶ್ಶಸ್ತ್ರೀಕರಣದ ಕಾಯ್ದೆ ತಂತು. ಪ್ರತಿಯೊಬ್ಬರೂ ಆಯುಧ ತಂದು ನೋಂದಾಯಿಸಬೇಕು, ಪರವಾನಗಿ ಇಲ್ಲದ್ದನ್ನ ಒಪ್ಪಿಸಬೇಕು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಅವರಿಗೆ ಆಯುಧ ಅಂದ್ರೆ ಅಲಂಕಾರ ಅಲ್ಲ, ಅನ್ನ. ಬೇಟೆಯೂ ಕಾವಲೂ ಅದರಿಂದಲೇ. ಅದನ್ನ ಕೊಟ್ಟು ಬಂದವನಿಗೆ ಊರಲ್ಲಿ ಕೆಲಸವೂ ಇಲ್ಲ, ಹೆಸರೂ ಇಲ್ಲ. ನವೆಂಬರ್ ಕೊನೆಯಲ್ಲಿ ಸೈನ್ಯ ಬಂದು ಊರಿಗೆ ಬೆಂಕಿಯಿಟ್ಟಿತು. ಸಿಕ್ಕವರಲ್ಲಿ 19 ಜನರನ್ನ ಮುಧೋಳದಲ್ಲೂ ಹಲಗಲಿಯಲ್ಲೂ ಗಲ್ಲಿಗೇರಿಸಿದ್ರು. ಜನ ಅದನ್ನ ಲಾವಣಿ ಮಾಡಿ ಹಾಡಿದ್ರು. ಆ ಲಾವಣಿಯನ್ನ ಸಂಗ್ರಹಿಸಿ ಅಚ್ಚು ಹಾಕಿಸಿದವನು ಜೆ.ಎಫ್. ಫ್ಲೀಟ್, ಅದೇ ಬ್ರಿಟಿಷ್ ಸರ್ಕಾರದ ಅಧಿಕಾರಿ.

ಹಲಗಲಿ ಬಾಗಲಕೋಟೆ ಜಿಲ್ಲೆಯದಾಯ್ತಲ್ಲ, ನಿಮ್ಮ ಹೊಸಪೇಟೆಗೆ ಏನು ಸಂಬಂಧ ಅಂತ ಕೇಳ್ತೀರಿ. ಆರೇ ತಿಂಗಳಲ್ಲಿ ಅದೇ ಕಿಡಿ ನಮ್ಮ ನದಿಯ ಆಚೆ ದಡಕ್ಕೆ ಬಂತು. ಮುಂಡರಗಿ ಭೀಮರಾವ್ ಬಳ್ಳಾರಿ ಕಡೆ ಸರ್ಕಾರಿ ಕೆಲಸದಲ್ಲಿದ್ದು ಹೊರಬಂದ ಮನುಷ್ಯ. ಸರ್ಕಾರದ ಒಳಹೊರಗು ಬಲ್ಲವನು. ಹಮ್ಮಿಗಿಯ ಕೆಂಚನಗೌಡರ ಜೊತೆ ಸೇರಿ ದಂಗೆಗೆ ಸಿದ್ಧತೆ ಮಾಡ್ತಿದ್ದ. ಹಮ್ಮಿಗಿಯಲ್ಲಿ ಕೂಡಿಟ್ಟಿದ್ದ ಆಯುಧಗಳ ಸುಳಿವು ಸಿಕ್ಕು ಸರ್ಕಾರ ಅವನ್ನ ವಶಕ್ಕೆ ತಗೊಂಡಿತು. 1858ರ ಮೇ ಕೊನೆಯ ವಾರ ಭೀಮರಾವ್ ಕಾಯೋದನ್ನ ಬಿಟ್ಟು ಎದ್ದ. ಡಂಬಳದ ಖಜಾನೆಗೆ ನುಗ್ಗಿ, ಅಲ್ಲಿಂದ ಕೊಪ್ಪಳದ ಕೋಟೆ ಹಿಡಿದ. ಜೂನ್ 1ರಂದು ಮೇಜರ್ ಹ್ಯೂಸ್‌ನ ಸೈನ್ಯ ಕೋಟೆ ಹತ್ತಿತು. ಭೀಮರಾವ್, ಕೆಂಚನಗೌಡ ಇಬ್ಬರೂ ಅಲ್ಲೇ ಬಿದ್ರು. ನರಗುಂದದ ಬಾಬಾಸಾಹೇಬನ ಕಥೆಯೂ ಅದೇ ವಾರದ್ದು. ಅಲ್ಲೂ ಕೋಟೆಯ ತೋಪು ಒಪ್ಪಿಸು ಅನ್ನೋ ಹುಕುಂ ಹಿನ್ನೆಲೆಯಲ್ಲಿತ್ತು.

ನನ್ನ ಮತ ಇದಕ್ಕೆ. ಮೂರು ಪ್ರಶ್ನೆಗೂ ಉತ್ತರ ಕೊಡ್ತೀನಿ. ಇದನ್ನ ಇಟ್ಟುಕೊಳ್ಳೋಕೆ, ರಿಪೇರಿ ಮಾಡೋಕೆ ಊರ ಕಮ್ಮಾರ ಸಾಕಿತ್ತು, ಇಸ್ತಾಂಬುಲಿನಿಂದ ಯಾರೂ ಬರಬೇಕಿರಲಿಲ್ಲ. ಇದು ಇದ್ದದ್ದು ಜನರ ಕೈಯಲ್ಲಿ. ಮೂರನೇದು, ಇದರಿಂದ ಕಥೆ ಬದಲಾಯ್ತಾ? ಯುದ್ಧವನ್ನಂತೂ ಗೆಲ್ಲಲಿಲ್ಲ. ಆದ್ರೆ ಹಲಗಲಿಗೂ ಕೊಪ್ಪಳಕ್ಕೂ ಜಗಳ ರಾಜ್ಯಕ್ಕಾಗಿ ಶುರುವಾಗಲಿಲ್ಲ, ನನ್ನ ಮನೆಯೊಳಗಿನ ವಸ್ತು ಕೇಳೋಕೆ ನೀನ್ಯಾರು ಅನ್ನೋದರಿಂದ ಶುರುವಾಯ್ತು. ರಾಯಚೂರಿನಲ್ಲಿ ಕಲ್ಲಿಗಿಷ್ಟು ಅಂತ ದುಡ್ಡು ಎಣಿಸಿಕೊಂಡು ಸತ್ತ ಕಾಲಾಳಿನ ಹೆಸರು ನೂನಿಜ್ ಬರೆಯಲಿಲ್ಲ. ಹಲಗಲಿಯ ಜಡಗ, ಬಾಲರ ಹೆಸರು ಲಾವಣಿಯಲ್ಲಿ ಉಳಿದಿದೆ. ನಮ್ಮ ಸೀಮೆಯ ಚರಿತ್ರೆಯಲ್ಲಿ ಸಾಮಾನ್ಯ ಮನುಷ್ಯ ತನ್ನ ಹೆಸರಿನ ಸಮೇತ ಒಳಗೆ ಬಂದದ್ದು ಈ ಬಂದೂಕಿನ ಜೊತೆ.

ಹಾಗಂತ ಅಮೆರಿಕದ ಹಾಗೆ ಮನೆಗೊಂದು ಗನ್ ಬೇಕು ಅಂತ ನಾನು ಹೇಳ್ತಿಲ್ಲ. ಈ ವಾದ ನಮ್ಮಲ್ಲೂ ಒಮ್ಮೆ ಸರಿಯಾಗಿ ನಡೆದಿದೆ. 1931ರ ಕರಾಚಿ ನಿರ್ಣಯದಲ್ಲಿ ಕಾಂಗ್ರೆಸ್ ನಿಯಮಗಳಿಗೆ ಒಳಪಟ್ಟು ಆಯುಧ ಹೊಂದೋ ಹಕ್ಕನ್ನ ಪ್ರಜೆಗಳ ಮೂಲಭೂತ ಹಕ್ಕುಗಳಲ್ಲಿ ಸೇರಿಸಿತ್ತು. ಬ್ರಿಟಿಷರ ಜಪ್ತಿಯ ಅವಮಾನ ಅಷ್ಟು ಆಳವಾಗಿತ್ತು. 1948ರ ಡಿಸೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಎಚ್.ವಿ. ಕಾಮತ್, ಮಂಗಳೂರಿನಲ್ಲಿ ಹುಟ್ಟಿದವರು, ಆ ಹಕ್ಕನ್ನ ಸೇರಿಸಿ ಅಂತ ತಿದ್ದುಪಡಿ ತಂದ್ರು. ಅಂಬೇಡ್ಕರ್ ಒಪ್ಪಲಿಲ್ಲ, ತಿದ್ದುಪಡಿ ಬಿತ್ತು. ದೇಶವಿಭಜನೆಯ ರಕ್ತ ಇನ್ನೂ ಆರಿರಲಿಲ್ಲ. ಇವತ್ತಿನ ಅಮೆರಿಕದ ಶಾಲೆಗಳ ಸುದ್ದಿ ಓದುವಾಗ ಆ ದಿನ ಸಭೆ ಸರಿಯಾದದ್ದನ್ನೇ ಮಾಡಿತು ಅನಿಸುತ್ತೆ. ಅವರು 1791ರಲ್ಲಿ ಹಕ್ಕು ಅಂತ ಬರೆದುಕೊಂಡ್ರು. ನಾವು ಲೈಸೆನ್ಸ್ ಅಂತ ಬರೆದುಕೊಂಡೆವು.

ಲೈಸೆನ್ಸಿನ ಆಚೆ ತುದಿಯಲ್ಲಿ ಯಾರಿದ್ದಾರೆ ಅನ್ನೋದು ಮಾತ್ರ ಬೆಂಗಳೂರಿನಿಂದ ಕಾಣಲ್ಲ. ನಮ್ಮ ಹೊಲಗಳ ಒಂದು ಕಡೆ ದರೋಜಿ ಕರಡಿಧಾಮ. 1994ರಲ್ಲಿ ಆಗಿದ್ದು, ಆಗಬೇಕಾದ್ದೇ. ಆದ್ರೆ ಕರಡಿಗೆ ಗಡಿ ಗೊತ್ತಿಲ್ಲ. ಮೆಕ್ಕೆಜೋಳ, ಶೇಂಗಾ ಹೊಲಕ್ಕೆ ಹಂದಿಯೂ ಬರುತ್ತೆ, ಅದೂ ಬರುತ್ತೆ. ನಮ್ಮೂರಲ್ಲಿ ಲೈಸೆನ್ಸ್ ಬಂದೂಕು ಇದ್ದದ್ದು ಒಂದೇ ಮನೆಯಲ್ಲಿ. ಹೊಡೆಯೋಕಲ್ಲ, ಗಾಳಿಗೆ ಹಾರಿಸಿ ಹೆದರಿಸೋಕೆ. ಎಲೆಕ್ಷನ್ ಬಂದ್ರೆ ಅದನ್ನ ಠಾಣೆಗೆ ಕೊಟ್ಟು, ಮುಗಿದ ಮೇಲೆ ತರಬೇಕು. ಆ ಮನೆಯ ಅಜ್ಜ ಒಮ್ಮೆ ಕೇಳಿದ್ದ, "ಕರಡಿ ಏನ್ ಎಲೆಕ್ಷನ್ ನೋಡಿ ಬರತೈತೇನೋ ತಮ್ಮಾ?" ಬಂದೂಕು ಠಾಣೆಯಲ್ಲಿದ್ದಷ್ಟು ದಿನ ಅವನ ಮಕ್ಕಳು ಅಟ್ಟಣೆ ಮೇಲೆ ಕೂತು ಡಬ್ಬ ಬಡಿದು ರಾತ್ರಿ ಕಳೀತಿದ್ರು. ಕಾನೂನು ತಪ್ಪು ಅಂತ ಆ ಅಜ್ಜ ಅನ್ನಲಿಲ್ಲ. ಕಾನೂನು ಬರೆದವರು ಒಂದು ರಾತ್ರಿ ಅಟ್ಟಣೆ ಮೇಲೆ ಕೂರಲಿ ಅಂತ ಅಷ್ಟೇ ಅವನ ಆಸೆ. ಹಲಗಲಿಯವರದ್ದೂ ಹೆಚ್ಚುಕಮ್ಮಿ ಅದೇ ಮಾತು. ವ್ಯತ್ಯಾಸ ಇಷ್ಟೇ, ಇವನ ಸರ್ಕಾರ ಇವನ ಓಟಿನಿಂದ ಬಂದದ್ದು, ಕೇಳಿದ್ರೆ ಗಲ್ಲಿಗೆ ಹಾಕಲ್ಲ.

ನಿಮ್ಮ ಮತ ರಾಕೆಟ್‌ಗೆ ಇರಬಹುದು, ಮಲಿಕ್-ಎ-ಮೈದಾನ್‌ಗೆ ಇರಬಹುದು. ವಾದ ಮಾಡೋಣ, ಅದರಿಂದ ನಷ್ಟವಿಲ್ಲ. ಒಂದು ಕೋರಿಕೆ ಮಾತ್ರ ಇದೆ. ವೀಕೆಂಡಿಗೆ ಹಂಪಿಗೆ ಹೋಗ್ತೀರಿ, ಕಲ್ಲಿನ ರಥದ ಮುಂದೆ ಫೋಟೋ ಆಗುತ್ತೆ, ಮಾತಂಗ ಪರ್ವತದ ಮೇಲೆ ಸೂರ್ಯಾಸ್ತ ಆಗುತ್ತೆ. ಮರುದಿನ ಬೆಂಗಳೂರಿನ ಕಡೆ ತಿರುಗೋ ಮೊದಲು ಅರ್ಧ ದಿನ ಉಳಿಸಿಕೊಂಡು ಕೊಪ್ಪಳದ ಕೋಟೆ ಹತ್ತಿ. ಹೊಸಪೇಟೆಯಿಂದ ಒಂದು ಗಂಟೆಯ ದಾರಿ. ಮೇಲೆ ಗೈಡ್ ಸಿಗಲ್ಲ, ಟಿಕೆಟ್ಟಿನ ಗದ್ದಲ ಇಲ್ಲ, ಗಾಳಿ ಚೆನ್ನಾಗಿದೆ. ಭೀಮರಾವ್ ಬಿದ್ದ ಕೋಟೆ ಅದು. ಹತ್ತುವಾಗ ನೀರಿನ ಬಾಟಲಿ ಮರೀಬೇಡಿ, ಬಂಡೆ ಬಿಸಿಲಿಗೆ ಕಾಯುತ್ತೆ.